ಕೀಬೋರ್ಡ್ ನಿಲ್ಲಿಸಿ, ಆಮೇಲೂ ಅಳು ಬರುತ್ತಾ ನೋಡೋಣ

1/6
ಪ್ರಸಂಗ ಮುಗೀತಾ ಬರುತ್ತೆ. ಬೋಧಕರು ಕೀಬೋರ್ಡ್ ಕಡೆ ಒಂದು ಸನ್ನೆ ಮಾಡ್ತಾರೆ. ಮೆಲ್ಲಗೆ ಮ್ಯೂಸಿಕ್, ಲೈಟ್ ಡಿಮ್, "ಎಲ್ಲರೂ ಕಣ್ಣು ಮುಚ್ಚಿ". ಐದೇ ನಿಮಿಷ, ಅರ್ಧ ಸಭೆ ಅಳ್ತಾ ಇರುತ್ತೆ. ಸೋಮವಾರ ಅದೇ ಮೂವತ್ತು ಸೆಕೆಂಡ್ ರೀಲ್ ಆಗಿ ನಮ್ಮ ಫೀಡ್‌ಗೆ ಬರುತ್ತೆ. ಕೆಳಗೆ ಕಾಮೆಂಟ್: "ಎಂಥಾ ಅಭಿಷೇಕ!"

ಅವತ್ತು ಅತ್ತವರನ್ನ ಬುಧವಾರ ಕೇಳಿ: ಭಾನುವಾರ ಪ್ರಸಂಗ ಯಾವ ವಾಕ್ಯದ ಮೇಲಿತ್ತು? ನೆನಪಿಲ್ಲ ಅಂದ್ರೆ ಅವರು ಅತ್ತಿದ್ದು ಯಾತಕ್ಕೆ?

2/6
ಇದನ್ನ ಓದಿ "ಅದಕ್ಕೇ ನಾವು ಭಾವನೆಗೆ ಜಾಗ ಕೊಡಲ್ಲ" ಅಂತ ತಲೆಯಾಡಿಸ್ತಿರೋರೇ, ಸ್ವಲ್ಪ ತಾಳಿ. ಮೂರು ಪಾಯಿಂಟ್, ಎರಡು ಗ್ರೀಕ್ ಪದ, ನಲವತ್ತು ನಿಮಿಷ, ಮುಖದ ಒಂದು ಗೆರೆಯೂ ಅಲುಗಲ್ಲ. ಹೇಳೋನಿಗೇ ತಟ್ಟದ ಮಾತು ಕೇಳೋನಿಗೆ ಹೇಗೆ ತಟ್ಟುತ್ತೆ?

ಅಪೊಸ್ತಲರ ಕೃತ್ಯಗಳು 20 ತೆಗೀರಿ. ಎಫೆಸದ ಸಭೆಯ ಹಿರಿಯರಿಗೆ ಪೌಲ ವಿದಾಯ ಹೇಳ್ತಿದ್ದಾನೆ. ಮೂರು ವರ್ಷ ಕಣ್ಣೀರಿಟ್ಟು ಬುದ್ಧಿ ಹೇಳಿದೆ ಅಂತಾನೆ. ಅದೇ ಮಾತಿನಲ್ಲಿ, ದೇವರ ಸಂಕಲ್ಪದಲ್ಲಿ ಏನನ್ನೂ ಮುಚ್ಚಿಡದೆ ತಿಳಿಸಿದೆ ಅಂತಲೂ ಹೇಳ್ತಾನೆ. ಎರಡೂ ಒಬ್ಬನದೇ ಸೇವೆ. ನಾವು ಅದನ್ನ ಸೀಳಿ ಎರಡು ಪಕ್ಷ ಮಾಡ್ಕೊಂಡಿದ್ದೀವಿ.

3/6
"ತಯಾರಿ ಜಾಸ್ತಿ ಆದ್ರೆ ಆತ್ಮನಿಗೆ ಅಡ್ಡಿ" ಅನ್ನೋರು ಪ್ರಲಾಪಗಳು ಪುಸ್ತಕ ನೋಡಲಿ. ಬಾಬೆಲಿನವರು ಯೆರೂಸಲೇಮನ್ನ ಹಾಳು ಮಾಡಿದ್ದಕ್ಕೆ ಹುಟ್ಟಿದ ಗೋಳು ಅದು. ಮೂಲ ಹೀಬ್ರೂವಿನಲ್ಲಿ 1, 2, 4ನೇ ಅಧ್ಯಾಯಗಳ 22 ವಚನಗಳು ವರ್ಣಮಾಲೆಯ 22 ಅಕ್ಷರಗಳಿಂದ ಒಂದೊಂದಾಗಿ ಶುರುವಾಗುತ್ತವೆ. 3ನೇ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಕನ್ನಡದಲ್ಲಾದ್ರೆ ಅ, ಆ, ಇ, ಈ ಅಂತ ಸಾಲಾಗಿ ಅತ್ತ ಹಾಗೆ.

ಊರು ಬೂದಿಯಾಗಿದೆ, ಮಕ್ಕಳು ಹಸಿದು ಬೀದಿಯಲ್ಲಿ ಬಿದ್ದಿದ್ದಾರೆ. ಬರೆದವನು ಆಗಲೂ ಪ್ರತಿ ಅಕ್ಷರಕ್ಕೂ ಪದ ಹುಡುಕಿದ್ದಾನೆ. ಅದರಿಂದ ದುಃಖ ಸುಳ್ಳಾಯ್ತಾ? ಒಂದು ಅಧ್ಯಾಯ ಜೋರಾಗಿ ಓದಿ ನೋಡಿ.

4/6
ನಮ್ಮ ಸಾಕ್ಷಿಗಳಲ್ಲಿ ಕಷ್ಟ ಯಾವಾಗಲೂ ಭೂತಕಾಲದಲ್ಲೇ ಇರುತ್ತೆ, ಗಮನಿಸಿದ್ದೀರಾ? "ಸಾಲ ಇತ್ತು, ಕಾಯಿಲೆ ಇತ್ತು, ಪ್ರಾರ್ಥಿಸಿದೆ, ಈಗ ಜಯ." ಕೀರ್ತನೆ 88 ಹಾಗಿಲ್ಲ. ಅದು ಕತ್ತಲಲ್ಲೇ ಮುಗಿಯುತ್ತೆ, ಸ್ತುತಿಗೆ ತಿರುಗೋದೇ ಇಲ್ಲ. ಸತ್ಯವೇದದಲ್ಲಿ ಜಾಗ ಸಿಕ್ಕಿದ ಆ ಪ್ರಾರ್ಥನೆಗೆ ನಮ್ಮ ಕೂಟಗಳಲ್ಲಿ ಮೈಕ್ ಸಿಗಲ್ಲ.

ಇದರ ಪೆಟ್ಟು ಬೀಳೋದು ಯಾರಿಗೆ? ಹಾಸ್ಟೆಲ್ ರೂಮಲ್ಲಿ ನಿದ್ದೆ ಬರದೆ "ನನಗೆ ಮಾತ್ರ ಹೀಗೆ, ನನ್ನ ವಿಶ್ವಾಸವೇ ಸುಳ್ಳು" ಅಂದುಕೊಳ್ಳೋ ಹುಡುಗನಿಗೆ, ಹುಡುಗಿಗೆ. "ಪ್ರಾರ್ಥನೆ ಸಾಲದು" ಅಂತಾರೇನೋ ಅನ್ನೋ ಭಯಕ್ಕೆ ಡಾಕ್ಟರ್ ಹತ್ರ ಹೋಗೋಕೂ ಅವರು ಹಿಂಜರೀತಾರೆ.

5/6
1856ರ ಅಕ್ಟೋಬರ್ 19, ಲಂಡನ್. ಚಾರ್ಲ್ಸ್ ಸ್ಪರ್ಜನ್ ಪ್ರಸಂಗ ಕೇಳೋಕೆ ಸರ್ರೆ ಗಾರ್ಡನ್ಸ್ ಮ್ಯೂಸಿಕ್ ಹಾಲ್‌ನಲ್ಲಿ ಸಾವಿರಾರು ಜನ. "ಬೆಂಕಿ!" ಅಂತ ಸುಳ್ಳು ಕೂಗು ಎದ್ದಿತು. ನೂಕುನುಗ್ಗಲಲ್ಲಿ 7 ಜನ ಸತ್ತರು. ಆಗ ಸ್ಪರ್ಜನ್‌ಗೆ 22 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಖಿನ್ನತೆ ಅವರನ್ನ ಮುಂದೆಯೂ ಮತ್ತೆ ಮತ್ತೆ ಕಾಡಿತು.

ಅದನ್ನ ಅವರು ಬಚ್ಚಿಡಲಿಲ್ಲ. ತಮ್ಮ ಕಾಲೇಜಿನಲ್ಲಿ ಬೋಧಕರಾಗೋಕೆ ಓದ್ತಿದ್ದವರಿಗೆ, ದೇವಸೇವಕರು ಮನಸ್ಸು ಕುಂದಿ ಕುಸಿಯೋದರ ಬಗ್ಗೆಯೇ ಒಂದು ಪಾಠ ಮಾಡಿದರು. ಕಾರಣಗಳನ್ನೂ ಬಿಡಿಸಿ ಹೇಳಿದರು: ದೇಹದ ಕಾಯಿಲೆ, ಕೂತಲ್ಲೇ ಕೂತು ಓದೋದು, ಒಂಟಿತನ, ಬಿಡುವಿಲ್ಲದ ದುಡಿಮೆ, ದೊಡ್ಡ ಯಶಸ್ಸಿನ ನಂತರದ ಕುಸಿತ. ಅದೇ ಮನುಷ್ಯ ಕೀರ್ತನೆಗಳ ಮೇಲೆ 7 ಸಂಪುಟಗಳ ವ್ಯಾಖ್ಯಾನ ಬರೆದರು. ಅವರ ಕಣ್ಣೀರಿಗೆ ಓದಿನ ಬೇರು ಇತ್ತು.

6/6
"ಆತ್ಮ ಕೆಲಸ ಮಾಡುವಾಗ ಅಳು ಬರುತ್ತೆ, ಅಳೆಯೋಕೆ ನೀನ್ಯಾರು?" ಅಂತ ಮೆಸೇಜ್ ಬರುತ್ತೆ, ಗೊತ್ತು. ಅಳಬೇಡಿ ಅಂತ ಯಾರು ಹೇಳಿದ್ರು? ಬೇಥಾನ್ಯದಲ್ಲಿ ಯೇಸು ಸ್ವಾಮಿ ಮಾರ್ಥಳಿಗೆ ಮೊದಲು ಪುನರುತ್ಥಾನದ ಮಾತು ಹೇಳಿದರು, ಆಮೇಲೆ ಅತ್ತರು. ಲಾಜರನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು. ಹಿಂದೆ ಯಾರೂ ಕೀಬೋರ್ಡ್ ನುಡಿಸ್ತಿರಲಿಲ್ಲ.

ಥಿಯಾಲಜಿ ಓದ್ತಿರೋ ಗೆಳೆಯರೇ, ನಾಳೆ ಪುಲ್ಪಿಟ್ ಹತ್ತೋರು ನಾವೇ. ವಾರಪೂರ್ತಿ ವಾಕ್ಯದ ಜೊತೆ ಕೂರೋಣ. ಅದು ನಮ್ಮನ್ನ ಅಳಿಸಿದ್ರೆ ಸಭೆ ಮುಂದೆಯೂ ಅಳೋಣ, ಅಳಿಸದಿದ್ರೆ ನಟನೆ ಬೇಡ. ನಮ್ಮ ಕಷ್ಟ ಇನ್ನೂ ಮುಗಿದಿಲ್ಲ ಅಂದ್ರೆ "ಮುಗಿದಿಲ್ಲ" ಅಂತಲೇ ಹೇಳೋಣ. ಆದ್ರೆ ಮನಸ್ಸು ತೆರೆಯೋ ಹೆಸರಲ್ಲಿ ಬೇರೆಯವರ ಗುಟ್ಟು ತೆರೆಯೋದು ಬೇಡ; ಮನೆಯವರ ಕಾಯಿಲೆ, ನಂಬಿ ಬಂದು ಹೇಳಿಕೊಂಡವರ ಕಥೆ ಪ್ರಸಂಗದ ಉದಾಹರಣೆಗಳಲ್ಲ.

ಈಗ ನಿಮ್ಮ ಸರದಿ. ಕಳೆದ ಭಾನುವಾರ ಕೇಳಿದ ವಾಕ್ಯ ಯಾವುದು? ನೋಟ್ಸ್ ತೆಗೆಯದೆ ಕಾಮೆಂಟಲ್ಲಿ ಬರೀರಿ.

#ಪ್ರಸಂಗ #ಪ್ರಲಾಪಗಳು #ಕೀರ್ತನೆ88 #ಸೇವೆ