ಮೇಳದಲ್ಲಿ ಗಿಟಾರಿನ ಧ್ವನಿ

ಕಳೆದ ಗಣೇಶೋತ್ಸವದಲ್ಲಿ ನಮ್ಮ ಅಜ್ಜಂಪುರದ ಚಪ್ಪರವೊಂದರಲ್ಲಿ ನಡೆದ ಆರ್ಕೆಸ್ಟ್ರಾಕ್ಕೆ ನಾವೂ ಹೋಗಿದ್ದೆವು. ಸಂಗೀತಪ್ರೇಮಕ್ಕಿಂತ ಬಂಧುಪ್ರೇಮವೇ ಇದಕ್ಕೆ ಕಾರಣವೆಂದು ಒಪ್ಪಿಕೊಳ್ಳುತ್ತೇವೆ. ಗಿಟಾರು ನುಡಿಸತಕ್ಕವನು ನಮ್ಮ ತಂಗಿಯ ಮಗನು. ಹಾಡಲು ನಿಂತವಳು ನೆರೆಮನೆಯ ಹುಡುಗಿ. ಆಕೆಯು ಒಂದು ತಿಂಗಳ ಕಾಲ ಹಿತ್ತಿಲಿನಲ್ಲಿ ಅದೇ ಭಾವಗೀತೆಯನ್ನು ಅಭ್ಯಾಸಮಾಡಿದ್ದಳಾದುದರಿಂದ ಸಾಹಿತ್ಯವು ನಮಗೆ ತಿಳಿಯಿತು. ಉಳಿದ ಶ್ರೋತೃಗಳಿಗೆ ಒಂದಕ್ಷರವೂ ಕೇಳಲಿಲ್ಲ. ಎರಡನೆಯ ಚರಣದಲ್ಲಿ ಕಂಠವನ್ನು ಬಿಗಿದು ಕೂಗಿದಳು. ಮೂರನೆಯದನ್ನು ಹಾಡದೆಯೇ ವೇದಿಕೆಯಿಂದ ಇಳಿದುಹೋದಳು.

ಮರುದಿನ ಹುಡುಗನನ್ನು ಕರೆದು ಆಕ್ಷೇಪಿಸಿದೆವು. "ಮಾವ, ನನಗೇ ನನ್ನ ಗಿಟಾರು ಕೇಳಿಸ್ತಿರಲಿಲ್ಲ, ಅದಕ್ಕೇ ಏರಿಸಿದೆ" ಎಂದನು. ಅವನು ಸುಳ್ಳು ಹೇಳತಕ್ಕವನಲ್ಲ.

ತನ್ನ ವಾದ್ಯವು ಕೇಳಿಸಬೇಕೆಂಬ ಆಸೆಯನ್ನು ನಾವು ತಪ್ಪೆನ್ನುವುದಿಲ್ಲ. ಮೈಸೂರಿನ ಪಿಟೀಲು ಚೌಡಯ್ಯನವರು (1895–1967) ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಕಡೆಯ ಸಾಲಿನವರಿಗೂ ನಾದವು ಮುಟ್ಟಲೆಂದು ತಂತಿಗಳನ್ನು 7ಕ್ಕೂ, ಮುಂದೆ 19ಕ್ಕೂ ಏರಿಸಿದರು. ಅಷ್ಟು ತಂತಿಗಳನ್ನು ಶ್ರುತಿಗೂಡಿಸುವುದೇ ಒಂದು ತಪಸ್ಸು. ಈಗಲಾದರೋ ಗುಂಡಿಯನ್ನು ತಿರುಗಿಸಿದರೆ ಆಯಿತು, ಸುಲಭವಾದುದರಿಂದಲೇ ಅಪಾಯವು.

ಆದರೆ ಮೂವತ್ತು ಅಡಿ ದೂರದ ನಮ್ಮ ಕಿವಿಯನ್ನು ಇರಿದ ನಾದವು ನುಡಿಸಿದವನಿಗೇ ಕೇಳದಿರಲು ಕಾರಣವೇನು? ಅವನ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಎಲ್ಲಿಟ್ಟಿದ್ದನೆಂದು ವಿಚಾರಿಸಿದೆವು. ನೆಲದ ಮೇಲೆ, ಅವನ ಮೊಣಕಾಲಿನ ಹಿಂದೆ! ಇಂತಹ ಪೆಟ್ಟಿಗೆಯಿಂದ ಮಂದ್ರನಾದವು ಸುತ್ತಲೂ ಹರಡುವುದು. ತಾರನಾದವಾದರೋ ದೀಪದ ಕಿರಣದಂತೆ ನೇರವಾಗಿ ಮುಂದಕ್ಕೆ ಹೋಗುವುದು. ಹುಡುಗನ ಕಾಲಿಗೆ ಕಿವಿಯಿಲ್ಲವಷ್ಟೆ. ಅವನು ಏರಿಸಿದಂತೆ ಕೀಬೋರ್ಡಿನವನೂ ಏರಿಸಿದನು, ರಿದಂ ಪ್ಯಾಡಿನವನೂ ಬಲವಾಗಿ ಬಡಿದನು. ಏರಿಸಲು ಗುಂಡಿಯಿಲ್ಲದುದು ಕಂಠವೊಂದಕ್ಕೇ.

ಆದುದರಿಂದ ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ತುಸು ಹಿಂದಕ್ಕೆ ವಾಲಿಸಿ, ವಾದಕನ ಕಿವಿಗೆ ಅಭಿಮುಖವಾಗಿ ಮಾಡತಕ್ಕದ್ದು. ಮನೆಯಲ್ಲಿ ಏಕಾಂಗಿಯಾಗಿ ನುಡಿಸುವಾಗ ಇಂಪಾದ ತುಂಬುಮಂದ್ರವು ಮೇಳದಲ್ಲಿ ಬೇಸ್ ಗಿಟಾರಿನೊಡನೆ ಬೆರೆತು ಕೆಸರಾಗುವುದರಿಂದ ಅದನ್ನು ತಗ್ಗಿಸಿ, ಮಧ್ಯಸ್ಥಾಯಿಯನ್ನು ಮಾತ್ರ ಕೊಂಚ ಎತ್ತಿದರೆ ಕಡಮೆ ಧ್ವನಿಯಲ್ಲಿಯೂ ಸ್ವರವು ಸ್ಪಷ್ಟವಾಗುವುದು. ವಾದ್ಯದ ಮೇಲಿನ ಗುಂಡಿಯನ್ನು ಹತ್ತರಲ್ಲಿ ಏಳಕ್ಕಿಟ್ಟು, ಗಾಯನವು ನಿಂತು ತನ್ನೊಬ್ಬನ ಸರದಿ ಬಂದಾಗ ಉಳಿದುದನ್ನು ತೆರೆದು, ಮುಗಿದೊಡನೆ ಹಿಂದಿರುಗಿಸಬೇಕು. ಈ ಹಿಂದಿರುಗಿಸುವುದೇ ಕಷ್ಟವೆಂದು ಹುಡುಗನು ನಕ್ಕನು. ಕಡೆಯ ಸಾಲಿನಲ್ಲಿ ಒಬ್ಬರನ್ನು ನಿಲ್ಲಿಸಿ, ಹಾಡಿನ ಮಾತು ತಿಳಿಯುವುದೇ ಎಂದು ಕೇಳುವುದೂ ಅವಶ್ಯ.

ತಂದೆತಾಯಿಗಳು ಗಮನಿಸತಕ್ಕುದು ಬೇರೊಂದುಂಟು. 85 ಡೆಸಿಬೆಲ್ ಧ್ವನಿಯಲ್ಲಿ ದಿನಕ್ಕೆ 8 ಗಂಟೆಗಳಿರಬಹುದೆಂದೂ, ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿಯು ಅರ್ಧವಾಗುವುದೆಂದೂ ತಜ್ಞರ ಲೆಕ್ಕ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ. ಒಳಗಿವಿಯ ಸೂಕ್ಷ್ಮರೋಮಗಳುಳ್ಳ ಕಣಗಳು ನಷ್ಟವಾದರೆ ಮತ್ತೆ ಹುಟ್ಟುವುದಿಲ್ಲ.

ರಾಜ್ಯೋತ್ಸವಕ್ಕೆ ಮತ್ತೆ ಕಾರ್ಯಕ್ರಮವಿದೆ. ಅಭ್ಯಾಸವು ನಮ್ಮ ಜಗುಲಿಯಲ್ಲಿಯೇ ನಡೆಯುತ್ತಿದ್ದು, ಪೆಟ್ಟಿಗೆಯು ನಮ್ಮ ಹಳೆಯ ಕುರ್ಚಿಯನ್ನೇರಿದೆ. ಹುಡುಗಿಯು ಇನ್ನೂ ಬಂದಿಲ್ಲ. ಆಕೆಯ ಮನೆಗೆ ಅವನೇ ಹೋಗಿ ಕರೆಯಬೇಕೆಂದು ಹೇಳಿದ್ದೇವೆ. ಎರಡು ಸಲ ಅವರ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದಾನೆ.