ಕಿಟಕಿಯ ಪರದೆ: ಒಳಗೋ ಹೊರಗೋ?

ಮನೆ ಕಟ್ಟಿಸುವವರು ಅಡಿಪಾಯದ ಆಳವನ್ನು ಕುರಿತು ಮೇಸ್ತ್ರಿಯೊಡನೆ ವಾದಿಸುತ್ತಾರೆ. ಬಾಗಿಲಿನ ಮರವನ್ನು ತಟ್ಟಿ ನೋಡುತ್ತಾರೆ. ಗೃಹಪ್ರವೇಶದ ಮುಹೂರ್ತಕ್ಕಾಗಿ ಒಂದಲ್ಲ ಎರಡು ಪಂಚಾಂಗಗಳನ್ನು ತಿರುವಿ ಹಾಕುತ್ತಾರೆ. ಕಿಟಕಿಯ ಪರದೆಯ ವಿಚಾರ ಮಾತ್ರ ಎಲ್ಲಕ್ಕೂ ಕೊನೆಗೆ ಬರುತ್ತದೆ. ಆಗ ಅವರು ಕೇಳುವ ಪ್ರಶ್ನೆಯೂ ಒಂದೇ: ಗೋಡೆಯ ಬಣ್ಣಕ್ಕೆ ಇದು ಒಪ್ಪುವುದೆ, ಇಲ್ಲವೆ? ಈ ಪ್ರಶ್ನೆ ಸಾಲದು ಎಂಬುದೇ ನಮ್ಮ ಲೇಖನದ ವಿಷಯ. ಪರದೆಯು ಅಲಂಕಾರದ ವಸ್ತುವಾಗುವುದಕ್ಕೆ ಮುಂಚೆ ಶಾಖವನ್ನು ತಡೆಯುವ ಸಾಧನ. ಅಜಾಗರೂಕತೆಯಿಂದ ಆರಿಸಿದಾಗ ಅದು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು.

ಒಮ್ಮೆ ಮೇ ತಿಂಗಳಿನಲ್ಲಿ ಕಲಬುರಗಿಯ ಮಿತ್ರರೊಬ್ಬರ ಹೊಸ ಮನೆಗೆ ಹೋಗಿದ್ದೆವು. ಸಂಜೆ ನಾಲ್ಕು ಗಂಟೆಯ ಸಮಯ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ವಿದ್ಯುದ್ದೀಪ ಉರಿಯುತ್ತಿತ್ತು. ಪಶ್ಚಿಮದ ಕಿಟಕಿಗೆ ಕಡುಗಂದು ಬಣ್ಣದ ದಪ್ಪ ಪರದೆಯನ್ನು ಇಳಿಬಿಟ್ಟಿದ್ದರು. ಏರ್‌ಕಂಡಿಷನರ್ ಎಡೆಬಿಡದೆ ಓಡುತ್ತಿತ್ತು. "ಎಷ್ಟು ದಪ್ಪ ಪರದೆ ಹಾಕಿದ್ರೂ ಝಳ ಕಮ್ಮಿ ಆಗವಲ್ದು ನೋಡ್ರಿ, ಸರ" ಎಂದು ಮಿತ್ರರು ಬೇಸರಪಟ್ಟುಕೊಂಡರು. ನಾವು ಎದ್ದು ಪರದೆಯನ್ನು ಮುಟ್ಟಿ ನೋಡಿದೆವು. ಆಗತಾನೆ ಇಸ್ತ್ರಿ ಮಾಡಿದ ಬಟ್ಟೆಯಂತೆ ಅದು ಬಿಸಿಯಾಗಿತ್ತು.

ಪಕ್ಕದ ಕೋಣೆಯ ಕಿಟಕಿಗೆ ಮೇಲಕ್ಕೂ ಕೆಳಕ್ಕೂ ಸುರುಳಿ ಸುತ್ತುವ ಪರದೆಯಿತ್ತು. ಅದನ್ನು ಎಳೆಯುವ ಮಣಿಸರಪಳಿಯು ಕುಣಿಕೆಯಾಗಿ ನೆಲದವರೆಗೆ ಇಳಿದಿತ್ತು. ಮನೆಯ ಎರಡು ವರುಷದ ಕೂಸು ಆ ಕುಣಿಕೆಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ನಮ್ಮೆದುರು ನಿಂತಿತು. ತಾಯಿ ಬಂದು ಅದನ್ನು ತೆಗೆದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಊರಿಗೆ ಹಿಂತಿರುಗುವಾಗ ಆ ನೋಟ ನೆನಪಾಗಿ ನಮಗೆ ನಗು ಬರಲಿಲ್ಲ.

ಆ ಮನೆಯಲ್ಲಿ ಆಗಿದ್ದ ತಪ್ಪುಗಳು ಎರಡು. ಬಿಸಿಲನ್ನು ತಡೆಯಬಾರದ ಸ್ಥಳದಲ್ಲಿ ತಡೆದಿದ್ದರು. ಮಗುವಿನ ಕೈಗೆ ಎಟುಕಬಾರದ ಹಗ್ಗವನ್ನು ಎಟುಕುವಂತೆ ಬಿಟ್ಟಿದ್ದರು. ಮೊದಲನೆಯದನ್ನು ಮೊದಲು ವಿಚಾರಿಸೋಣ.

ಬೇಸಗೆಯ ಸಂಜೆ ನಾಲ್ಕರ ಸುಮಾರಿಗೆ, ನಿರ್ಮಲವಾದ ಆಕಾಶವಿದ್ದಾಗ, ಪಶ್ಚಿಮಾಭಿಮುಖವಾದ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 600 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಕಿಟಕಿಯ ಗಾಜಿನ ಉದ್ದಗಲ 1.2 ಮೀಟರ್ ಎಂದಿಟ್ಟುಕೊಳ್ಳೋಣ. ಸಾಧಾರಣ ಗಾಜು ಈ ಶಕ್ತಿಯ ಹತ್ತರಲ್ಲಿ ಎಂಟು ಪಾಲನ್ನು ಒಳಕ್ಕೆ ಬಿಡುತ್ತದೆ. ಗುಣಿಸಿ ನೋಡಿದರೆ ಸುಮಾರು 700 ವ್ಯಾಟ್ ಆಯಿತು. ಸುಮ್ಮನೆ ಕುಳಿತಿರುವ ಮನುಷ್ಯನೊಬ್ಬನ ದೇಹದಿಂದ ಹೊರಡುವ ಶಾಖ ಸುಮಾರು 100 ವ್ಯಾಟ್. ಅಂದಮೇಲೆ ಒಂದೇ ಒಂದು ಕಿಟಕಿಯ ಮೂಲಕ ಏಳು ಮಂದಿ ಕಾಣದ ಅತಿಥಿಗಳು ಒಳಗೆ ಬಂದು ಕುಳಿತಂತಾಯಿತು.

ಪರದೆ ಇಳಿಬಿಟ್ಟರೆ ಇವರು ಹೊರಗೆ ಹೋಗುವರೆ? ಗಾಜಿನ ಒಂದು ವಿಶೇಷ ಗುಣವನ್ನು ಇಲ್ಲಿ ಗಮನಿಸಬೇಕು. ಸೂರ್ಯನಿಂದ ಬರುವ ಶಕ್ತಿಯ ಬಹುಭಾಗ 0.3ರಿಂದ 2.5 ಮೈಕ್ರೊಮೀಟರುಗಳ ತರಂಗಾಂತರದಲ್ಲಿದೆ. ಗಾಜು ಇದಕ್ಕೆ ಪಾರದರ್ಶಕ. ಈ ರಶ್ಮಿಗಳು ಕಪ್ಪು ಪರದೆಯ ಮೇಲೆ ಬಿದ್ದಾಗ ಪರದೆ ಅವನ್ನು ಹೀರಿ ಬಿಸಿಯಾಗುತ್ತದೆ. ಬಿಸಿಯಾದ ವಸ್ತು ತಾನೂ ವಿಕಿರಣವನ್ನು ಹೊರಸೂಸುತ್ತದೆ. ಆದರೆ ಈ ವಿಕಿರಣದ ಬಲವೆಲ್ಲ ಸುಮಾರು 10 ಮೈಕ್ರೊಮೀಟರಿನ ಆಸುಪಾಸಿನ ಅವಕೆಂಪು ತರಂಗಗಳಲ್ಲಿದೆ. ಅದಕ್ಕೆ ಅದೇ ಗಾಜು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಬರುವಾಗ ತೆರೆದಿದ್ದ ಬಾಗಿಲು ಹೋಗುವಾಗ ಮುಚ್ಚಿದೆ! ಇದರ ಜೊತೆಗೆ ಗಾಜಿಗೂ ಪರದೆಗೂ ನಡುವೆ ಸಿಕ್ಕಿದ ಗಾಳಿ ಬಿಸಿಯಾಗಿ ಮೇಲೇರಿ, ಪರದೆಯ ತಲೆಯ ಮೇಲಿನಿಂದ ಕೋಣೆಗೆ ಹರಿಯುತ್ತದೆ. ಕೆಳಗಿನಿಂದ ತಂಪುಗಾಳಿ ಆ ಸ್ಥಳಕ್ಕೆ ನುಗ್ಗುತ್ತದೆ. ಹೀಗೆ ನಮ್ಮ ಮಿತ್ರರು ದುಡ್ಡು ಕೊಟ್ಟು ತಂದ ಪರದೆ ಬೆಳಕನ್ನು ಮಾತ್ರ ತಡೆದು, ಶಾಖದ ಬಹುಪಾಲನ್ನು ಕೋಣೆಗೆ ಹಂಚುವ ಒಲೆಯಾಗಿತ್ತು.

ಅದೇ ಪರದೆಯನ್ನು ಗಾಜಿನ ಹೊರಗೆ ತೂಗಿಬಿಟ್ಟರೆ ಏನಾಗುತ್ತದೆ? ಆಗಲೂ ಅದು ಬಿಸಿಯಾಗುವುದು ನಿಜ. ಆದರೆ ಆ ಶಾಖವನ್ನು ಹೊರಗಿನ ಗಾಳಿ ಕೊಂಡೊಯ್ಯುತ್ತದೆ. ಅದು ಸೂಸುವ ದೀರ್ಘ ತರಂಗಗಳನ್ನು ಗಾಜು ಒಳಗೆ ಬಿಡುವುದಿಲ್ಲ. ಒಳಗಿದ್ದಾಗ ನಮಗೆ ವಿರೋಧಿಯಾಗಿದ್ದ ಗಾಜು ಈಗ ನಮ್ಮ ಪಕ್ಷಕ್ಕೆ ಬಂದಿತು. ಅಮೆರಿಕದ ಇಂಧನ ಇಲಾಖೆಯು ಕೊಡುವ ಅಂಕಿಗಳು ಇದನ್ನು ಸಮರ್ಥಿಸುತ್ತವೆ. ಬೆನ್ನಿಗೆ ಬಿಳಿಯ ಪ್ಲಾಸ್ಟಿಕ್ ಇರುವ ಮಧ್ಯಮ ಬಣ್ಣದ ಒಳಪರದೆಯು ಬಿಸಿಲಿನ ಶಾಖವನ್ನು 33 ಪ್ರತಿಶತ ತಗ್ಗಿಸಬಲ್ಲದು; ಚೆನ್ನಾಗಿ ಪ್ರತಿಫಲಿಸುವ ಪಟ್ಟಿಪರದೆಯನ್ನು ಪೂರ್ತಿ ಮುಚ್ಚಿದರೆ ಸುಮಾರು 45 ಪ್ರತಿಶತ; ಪಶ್ಚಿಮದ ಕಿಟಕಿಯ ಹೊರಗೆ ಇಳಿಜಾರಾಗಿ ಕಟ್ಟಿದ ಬಟ್ಟೆಯ ಚಪ್ಪರವಾದರೋ 77 ಪ್ರತಿಶತದವರೆಗೆ.

"ಕಿಟಕಿಯ ಮೇಲೆ ಸಜ್ಜೆ ಇದೆಯಲ್ಲ, ಅದು ಸಾಲದೆ?" ಎಂದು ಕೆಲವರು ಕೇಳಬಹುದು. ಉತ್ತರ ದಿಕ್ಕನ್ನು ಅವಲಂಬಿಸಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಿನಲ್ಲಿಯೂ ಅಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಹೆಚ್ಚು ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ 60 ಸೆಂಟಿಮೀಟರ್ ಚಾಚಿದ ಸಜ್ಜೆಯು ಆಗ ಸುಮಾರು 80 ಸೆಂಟಿಮೀಟರ್ ಕೆಳಗಿನವರೆಗೆ ನೆರಳು ಕೊಡುತ್ತದೆ. ಸಂಜೆಯ ಸೂರ್ಯನೋ ತಗ್ಗಿನಲ್ಲಿರುತ್ತಾನೆ. ಅವನ ಎತ್ತರ 30 ಡಿಗ್ರಿಗೆ ಇಳಿದು, ಅವನು ಪಶ್ಚಿಮದ ಗೋಡೆಗೆ ನೇರವಾಗಿ ನಿಂತಾಗ ಅದೇ ಸಜ್ಜೆಯ ನೆರಳು 35 ಸೆಂಟಿಮೀಟರ್. 15 ಡಿಗ್ರಿಗೆ ಇಳಿದಾಗ ಕೇವಲ 16 ಸೆಂಟಿಮೀಟರ್. ತ್ರಿಕೋಣಮಿತಿ ಓದಿದ ವಿದ್ಯಾರ್ಥಿಗಳು ಟ್ಯಾಂಜೆಂಟ್ ಪಟ್ಟಿಯನ್ನು ತೆಗೆದು ಇದನ್ನು ತಾವೇ ಪರೀಕ್ಷಿಸಬಹುದು. ಆದುದರಿಂದ ದಕ್ಷಿಣಕ್ಕೆ ಸಜ್ಜೆಯಿಂದ ಬಹಳಮಟ್ಟಿಗೆ ಕೆಲಸವಾಗುತ್ತದೆ; ಪೂರ್ವ ಪಶ್ಚಿಮಗಳಿಗೆ ಲಂಬವಾಗಿ ಇಳಿಬಿಡುವ ಹೊರಪರದೆಯೇ ಬೇಕು.

ಇದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಪೇಟೆಯ ಬೀದಿಗಳಲ್ಲಿ ಬಿಸಿಲು ತಿರುಗಿದೊಡನೆ ಅಂಗಡಿಯವರು ಬಿದಿರಿನ ತಟ್ಟಿಯನ್ನೋ ಗೋಣಿತಾಟನ್ನೋ ಹೊರಗೆ ಇಳಿಬಿಡುವುದನ್ನು ಯಾರು ನೋಡಿಲ್ಲ? ಲಾವಂಚದ ಬೇರಿನ ತಟ್ಟಿಗೆ ನೀರು ಚಿಮುಕಿಸುವ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದಿನದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಶಾಖವನ್ನು ಹೀರುತ್ತದೆ. ನಾವು ಮೇಲೆ ಹೇಳಿದ 700 ವ್ಯಾಟ್ ಶಾಖ ಹೆಚ್ಚುಕಡಮೆ ಒಂದು ಗಂಟೆಯಲ್ಲಿ ತರುವ ಮೊತ್ತವೇ ಇದು. ಒಣಹವೆಯ ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಈ ಉಪಾಯ ಫಲಿಸುತ್ತದೆ. ತೇವ ತುಂಬಿದ ಮಂಗಳೂರಿನ ಗಾಳಿಯಲ್ಲಿ ನೀರು ಬೇಗ ಆರುವುದಿಲ್ಲವಾದ್ದರಿಂದ ಅಲ್ಲಿ ನೆರಳು ಮತ್ತು ಗಾಳಿಯ ಸಂಚಾರ, ಇವೆರಡನ್ನೇ ನಂಬಬೇಕು.

ಲಾಭವನ್ನು ಹಿಗ್ಗಿಸಿ ಹೇಳುವುದು ವಿಜ್ಞಾನಕ್ಕೆ ಒಪ್ಪದು. ಮೇಲಿನ ಪ್ರತಿಶತಗಳ ಪ್ರಕಾರ ಒಳಪರದೆಯ ಬದಲು ಹೊರಪರದೆ ಕಟ್ಟಿದರೆ, ಆ ಒಂದು ಕಿಟಕಿಯಿಂದ ಸುಮಾರು 300 ವ್ಯಾಟ್ ಶಾಖ ಕಡಮೆಯಾಗುತ್ತದೆ. ಏರ್‌ಕಂಡಿಷನರ್ ಒಂದು ಪಾಲು ವಿದ್ಯುತ್ತಿನಿಂದ ಮೂರು ಪಾಲು ಶಾಖವನ್ನು ಹೊರಹಾಕುವುದೆಂದರೆ, ಉಳಿತಾಯ 100 ವ್ಯಾಟ್. ದಿನಕ್ಕೆ ಮೂರು ಗಂಟೆಯಂತೆ 90 ದಿನಗಳಿಗೆ 27 ಯೂನಿಟ್. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಏರ್‌ಕಂಡಿಷನರ್ ಇಲ್ಲದ ಮನೆಯನ್ನು ನೆನೆಯಿರಿ. ನಮ್ಮ ನಾಡಿನಲ್ಲಿ ಅಂಥ ಮನೆಗಳೇ ಹೆಚ್ಚು. ಅಲ್ಲಿ 300 ವ್ಯಾಟ್ ಕಡಮೆಯಾಯಿತೆಂದರೆ ಇಕ್ಕಟ್ಟಾದ ಕೋಣೆಯಿಂದ ಮೂವರು ಎದ್ದುಹೋದಂತೆ. ಪರೀಕ್ಷೆಗೆ ಓದುವ ಹುಡುಗಿಗೆ, ಹಾಸಿಗೆ ಹಿಡಿದ ವೃದ್ಧರಿಗೆ ಈ ಅಂತರ ವಿದ್ಯುತ್ ಬಿಲ್ಲಿನಲ್ಲಿ ಕಾಣದು, ಮೈಗೆ ತಿಳಿಯುತ್ತದೆ.

ಭಾರತ ಸರ್ಕಾರವು 2018ರಲ್ಲಿ ಹೊರತಂದ 'ಎಕೋ ನಿವಾಸ್ ಸಂಹಿತಾ' ಎಂಬ ವಸತಿ ಕಟ್ಟಡಗಳ ನಿಯಮಾವಳಿಯು ಚಳಿಪ್ರದೇಶಗಳನ್ನು ಬಿಟ್ಟು ಉಳಿದೆಡೆ ಮನೆಯ ಹೊರಮೈಯಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಎಂಬ ಮಿತಿಯನ್ನು ಹಾಕಿದೆ. ಗಾಜಿನ ಗುಣದೊಡನೆ ಕಿಟಕಿಯ ಮೇಲಿನ ನೆರಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಹೀಗಿರುವಲ್ಲಿ, ಕಟ್ಟಡದ ಅಂದ ಕೆಡುವುದೆಂದು ಹೊರಗೆ ತಟ್ಟಿ ಕಟ್ಟಲು ಬಿಡದ ವಸತಿ ಸಂಘಗಳು ತಮ್ಮ ನಿಲುವನ್ನು ಮತ್ತೊಮ್ಮೆ ಯೋಚಿಸಬೇಕೆಂದು ನಮ್ಮ ಅಭಿಪ್ರಾಯ. ಎಲ್ಲರೂ ಒಂದೇ ಬಣ್ಣದ ಪರದೆ ಕಟ್ಟಲಿ ಎಂದು ಗೊತ್ತುಮಾಡಿದರೆ ಅಂದವೂ ಉಳಿಯುತ್ತದೆ, ತಂಪೂ ದೊರೆಯುತ್ತದೆ.

ಹೊರಪರದೆಗೆ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಅದು ಮಳೆಗೆ ನೆನೆಯುತ್ತದೆ, ಧೂಳು ಹಿಡಿಯುತ್ತದೆ, ಗಾಳಿಗೆ ಹೊಡೆದುಕೊಳ್ಳುತ್ತದೆ. ಎತ್ತರದ ಮಹಡಿಯಲ್ಲಿ ಸಡಿಲವಾಗಿ ಕಟ್ಟಿದ ತಟ್ಟಿ ಕಳಚಿ ಬಿದ್ದರೆ ಕೆಳಗಿನವರಿಗೆ ಅಪಾಯ. ಅಂಥಲ್ಲಿ ಒಳಪರದೆಯೇ ಗತಿ. ಆಗ ಕಿಟಕಿಯ ಕಡೆಗಿನ ಮುಖ ಬಿಳಿಯಾಗಿರಲಿ. ಬಂದ ರಶ್ಮಿಯನ್ನು ರಶ್ಮಿಯಾಗಿಯೇ ಹಿಂದಕ್ಕೆ ಕಳುಹಿದರೆ ಗಾಜು ಅದನ್ನು ತಡೆಯುವುದಿಲ್ಲ. ಪರದೆ ಗಾಜಿಗೆ ಆದಷ್ಟು ಸಮೀಪದಲ್ಲಿದ್ದು, ಮೇಲೆಯೂ ಪಕ್ಕಗಳಲ್ಲಿಯೂ ಸಂದು ಕಡಮೆಯಿರಲಿ.

ಇನ್ನು ಎರಡನೆಯ ತಪ್ಪು. ಇದರಲ್ಲಿ ಲೆಕ್ಕಾಚಾರಕ್ಕೆ ಎಡೆಯಿಲ್ಲ. ಪರದೆಯ ಹಗ್ಗಕ್ಕೆ ಕೊರಳು ಸಿಕ್ಕಿ ಐದು ವರುಷದೊಳಗಿನ ಸರಾಸರಿ ಒಂಬತ್ತು ಮಕ್ಕಳು ಪ್ರತಿವರ್ಷ ಸಾಯುತ್ತಿದ್ದರೆಂದು ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗ ತಿಳಿಸಿದೆ. ಮಗು ಕೂಗುವುದಿಲ್ಲ; ಉಸಿರಿನ ದಾರಿ ಮುಚ್ಚಿದ ಮೇಲೆ ಕೂಗು ಬರುವುದೆಲ್ಲಿಂದ? ಪಕ್ಕದ ಕೋಣೆಯಲ್ಲಿರುವ ತಾಯಿಗೂ ಕೇಳಿಸದಂತೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದಿರುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಪರದೆಗಳಲ್ಲಿ ಹಗ್ಗವೇ ಇರಬಾರದು, ಇದ್ದರೆ ಕೈಗೆ ಎಟುಕಬಾರದು ಎಂಬ ಮಾನದಂಡ ಆ ದೇಶದಲ್ಲಿ 2018ರ ಡಿಸೆಂಬರಿನಿಂದ ಜಾರಿಗೆ ಬಂದಿತು. ಅದೇ ಆಯೋಗವು 1996ರಲ್ಲಿ ಇನ್ನೊಂದು ಎಚ್ಚರಿಕೆಯನ್ನು ಕೊಟ್ಟಿತ್ತು: ಹೊರದೇಶಗಳಿಂದ ಬಂದ ಕೆಲವು ವಿನೈಲ್ ಪಟ್ಟಿಪರದೆಗಳಲ್ಲಿ ಸೀಸ ಬೆರೆತಿದ್ದು, ಬಿಸಿಲಿಗೂ ಶಾಖಕ್ಕೂ ಆ ಪ್ಲಾಸ್ಟಿಕ್ ಶಿಥಿಲವಾದಾಗ ಮೇಲ್ಮೈಯಲ್ಲಿ ಸೀಸದ ಧೂಳು ಉಂಟಾಗುತ್ತಿತ್ತು.

ಆದಕಾರಣ ಮಕ್ಕಳಿರುವ ಮನೆಗೆ ಹಗ್ಗವಿಲ್ಲದ ಪರದೆಯನ್ನೇ ಕೇಳಿ ಕೊಳ್ಳಬೇಕು. ಸರಿಗೆಯ ಮೇಲೆ ಬಳೆಗಳಲ್ಲಿ ಜಾರುವ ಸಾದಾ ಬಟ್ಟೆಯ ಪರದೆಗೆ ಎಳೆಯುವ ಹಗ್ಗವೇ ಬೇಕಿಲ್ಲ. ಈಗಾಗಲೆ ಕುಣಿಕೆಯಿದ್ದರೆ ಅದನ್ನು ಗೋಡೆಗೆ ಬಿಗಿಯಾಗಿ ಬಂಧಿಸಬೇಕು. ಉಳಿದ ಹಗ್ಗವನ್ನು ದೊಡ್ಡವರ ತಲೆಯ ಎತ್ತರದಲ್ಲಿ ಗೂಟಕ್ಕೆ ಸುತ್ತಬೇಕು. ಬಿದಿರಿನ ತಟ್ಟಿಗೂ ಹಗ್ಗವುಂಟು. ಅದೂ ಇದೇ ನಿಯಮಕ್ಕೆ ಒಳಪಟ್ಟದ್ದು. ಮಗುವಿನ ಮಂಚವನ್ನೂ ಹತ್ತಲು ಬರುವ ಕುರ್ಚಿಯನ್ನೂ ಕಿಟಕಿಯ ಬಳಿ ಇಡಬಾರದು. ಅಡುಗೆಮನೆಯ ಒಲೆಯ ಹತ್ತಿರ ಪರದೆಯೇ ಬೇಡ. ಹತ್ತಿಯ ಬಟ್ಟೆ ಹತ್ತಿ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ನಮ್ಮ ಮಾತನ್ನು ನಂಬಿರೆಂದು ವಿದ್ಯಾರ್ಥಿಗಳಿಗೆ ನಾವು ಹೇಳುವುದಿಲ್ಲ. ಮನೆಯ ಪಶ್ಚಿಮದ ಕೋಣೆಯಲ್ಲಿ, ನೇರ ಬಿಸಿಲು ತಾಗದೆಡೆ, ಒಂದು ಉಷ್ಣಮಾಪಕವನ್ನು ತೂಗಿಹಾಕಿರಿ. ಒಂದು ದಿನ ಬಿಳಿಯ ಪಂಚೆಯೊಂದನ್ನು ಗಾಜಿನ ಒಳಗೆ ಕಟ್ಟಿ, ಮೂರು ಗಂಟೆಯಿಂದ ಆರರವರೆಗೆ ಅರ್ಧ ಗಂಟೆಗೊಮ್ಮೆ ಉಷ್ಣತೆಯನ್ನು ಬರೆದಿಡಿರಿ. ಮರುದಿನ ಬಿಸಿಲು ಅಷ್ಟೇ ಇದ್ದರೆ, ಅದೇ ಪಂಚೆಯನ್ನು ಹೊರಗೆ ಕಟ್ಟಿ ಅದೇ ರೀತಿ ಬರೆಯಿರಿ. ಹೊರಗಿನ ನೆರಳಿನ ಉಷ್ಣತೆಯನ್ನೂ ಜೊತೆಗೆ ಗುರುತಿಸಿಕೊಳ್ಳಿರಿ. ಇಲ್ಲವಾದರೆ ಹೋಲಿಕೆ ನ್ಯಾಯವಾಗದು. ಆ ಎರಡು ಗೆರೆಗಳನ್ನು ಒಂದೇ ಕಾಗದದ ಮೇಲೆ ಎಳೆದು ಮನೆಯ ಹಿರಿಯರಿಗೆ ತೋರಿಸಿರಿ. ಪ್ರಯೋಗ ಆರಂಭಿಸುವ ಮೊದಲು ಮಾತ್ರ ಮನೆಯ ಕಿಟಕಿಗಳನ್ನೆಲ್ಲ ಒಮ್ಮೆ ಸುತ್ತಿ ಬಂದು, ನೇತಾಡುವ ಕುಣಿಕೆಗಳಿದ್ದರೆ ಮೇಲಕ್ಕೆ ಕಟ್ಟಿಬಿಡಿ. ಆ ಕೆಲಸಕ್ಕೆ ಉಷ್ಣಮಾಪಕವೂ ಬೇಡ, ಬೇಸಗೆಯವರೆಗೆ ಕಾಯುವುದೂ ಬೇಡ.