ದಾಂಪತ್ಯ ಮುಗಿದ ಮೇಲೆ ಆಕೆಯ ಮಾತು ಆಕೆಗೆ ಮರಳಲಿ

ಇಪ್ಪತ್ತೇಳು ವರ್ಷಗಳ ದಾಂಪತ್ಯ ಮುಗಿದು ತವರಿಗೆ ಮರಳಿದ ಬಂಧುವೊಬ್ಬರು ನಮ್ಮ ಘಾಟಬೋರಾಳದಲ್ಲಿದ್ದಾರೆ. ನಾವೆಲ್ಲ ಅವರನ್ನು ಆಪಾ ಎಂದು ಕರೆಯುತ್ತೇವೆ. ಅವರು ಬಂದ ಮೊದಲ ವಾರದ ಒಂದು ಸಣ್ಣ ಸಂಗತಿ ನಮ್ಮ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಮಗ್ರಿಬ್ ನಮಾಝಿನ ಬಳಿಕ ತಮ್ಮನ ಹೆಂಡತಿ ಬಂದು, “ಆಪಾ, ರಾತ್ರಿಗೆ ಬದನೆಕಾಯಿ ಮಾಡಲೋ, ಬೇಳೆ ಮಾಡಲೋ?” ಎಂದು ಕೇಳಿದರು. ಆಪಾ ಉತ್ತರಿಸಲು ಬಾಯಿ ತೆರೆದರು. ಆದರೆ ಮಾತು ಹೊರಡುವ ಮುನ್ನ ತಮ್ಮನ ಮುಖ ನೋಡಿದರು. ತಮ್ಮ ಮೊಬೈಲ್ ನೋಡುತ್ತಿದ್ದ. “ನಿಮಗೆ ಯಾವುದು ಬೇಕೋ ಅದೇ ಆಗಲಿ” ಎಂದು ಹೇಳಿ ಸುಮ್ಮನಾದರು.

ಹತ್ತು ಮಂದಿಯ ಮನೆಯನ್ನು ಕಾಲು ಶತಮಾನ ನಡೆಸಿದ, ಮೂವರು ಮಕ್ಕಳನ್ನು ಬೆಳೆಸಿ ಇಬ್ಬರ ಮದುವೆ ಮಾಡಿದ ಮಹಿಳೆಯೊಬ್ಬರಿಗೆ ರಾತ್ರಿಯ ಸಾರು ಯಾವುದೆಂದು ಹೇಳುವ ಧೈರ್ಯವೂ ಉಳಿದಿರಲಿಲ್ಲ. ದೀರ್ಘ ದಾಂಪತ್ಯ ಮುರಿದಾಗ ಏನು ಕಳೆದುಹೋಗುತ್ತದೆ ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಆಸರೆ, ಅನ್ನ, ಮಾನ ಎಂದು ಎಣಿಸುತ್ತೇವೆ. ಅವು ಸುಳ್ಳಲ್ಲ. ಆದರೆ ಅವೆಲ್ಲಕ್ಕಿಂತ ಮೊದಲು, ತನ್ನ ತೀರ್ಮಾನದ ಮೇಲೆ ತನಗಿದ್ದ ನಂಬಿಕೆ ಹೋಗಿರುತ್ತದೆ. ‘ನಾನು ಸರಿಯಾಗಿ ಆಲೋಚಿಸುವವಳಾಗಿದ್ದರೆ ನನಗೆ ಹೀಗೇಕೆ ಆಗುತ್ತಿತ್ತು?’ ಎಂಬ ಪ್ರಶ್ನೆ ಆಕೆಯನ್ನು ಒಳಗಿನಿಂದ ಕೊರೆಯುತ್ತಿರುತ್ತದೆ. ಈ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆಪಾರನ್ನು ಕಾಣಲು ಬಂದವರೆಲ್ಲರೂ ಸಬ್ರ್ ಮಾಡಬೇಕೆಂದು ಉಪದೇಶಿಸಿದರು. ಮಗನ ಜೊತೆ ಹೈದರಾಬಾದಿಗೆ ಕಳುಹಿಸುವುದೇ ಲೇಸೆಂದು ಒಬ್ಬರು, ಬಸವಕಲ್ಯಾಣದ ಕಡೆ ಪತ್ನಿ ತೀರಿಹೋದ ಒಬ್ಬ ಸದ್ಗೃಹಸ್ಥರಿದ್ದಾರೆಂದು ಇನ್ನೊಬ್ಬರು ಹೇಳಿದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತುಗಳವು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಮಾತುಗಳೆಲ್ಲ ಆಪಾ ಅದೇ ಕೋಣೆಯಲ್ಲಿ ಕುಳಿತಿರುವಾಗಲೇ ಅವರ ತಮ್ಮನೊಡನೆ ನಡೆದವು. ನಾವೂ ಅಲ್ಲಿದ್ದೆವು. ನಿಮ್ಮ ಇಚ್ಛೆಯೇನು ಎಂದು ಅವರನ್ನು ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಈ ವಿಷಯದಲ್ಲಿ ನಮ್ಮ ಧರ್ಮದ ಪರಂಪರೆ ನಮ್ಮ ರೂಢಿಗಿಂತ ಬಹಳ ಮುಂದಿದೆ. ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯದ ಹೆಸರೇ ‘ಅಲ್ ಮುಜಾದಲಃ’. ವಾದಿಸಿದ ಒಬ್ಬ ಮಹಿಳೆಯ ಪ್ರಸಂಗದಿಂದ ಅದಕ್ಕೆ ಆ ಹೆಸರು ಬಂದಿದೆ. ಆಕೆ ಖೌಲಾ ಬಿಂತ್ ಸಅಲಬಾ(ರ). ಪತಿ ಔಸ್ ಬಿನ್ ಸಾಮಿತ್(ರ) ಮುಪ್ಪಿನ ಕಾಲದಲ್ಲಿ ಸಿಟ್ಟಿನ ಭರದಲ್ಲಿ ಆಕೆಯನ್ನು ತನ್ನ ತಾಯಿಗೆ ಹೋಲಿಸಿ ದೂರ ಮಾಡಿದರು. ಅಜ್ಞಾನ ಕಾಲದ ಅರಬರಲ್ಲಿ ಇದು ಹೆಂಡತಿಯನ್ನು ಅತ್ತ ವಿಚ್ಛೇದಿತೆಯೂ ಅಲ್ಲದ, ಇತ್ತ ಪತ್ನಿಯೂ ಅಲ್ಲದ ಸ್ಥಿತಿಗೆ ನೂಕುವ ಪದ್ಧತಿಯಾಗಿತ್ತು. ಖೌಲಾ(ರ) ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋದರು. ತನ್ನ ಯೌವನವೆಲ್ಲ ಆ ಮನೆಯಲ್ಲೇ ಸವೆಯಿತು, ಆತನಿಗೆ ಮಕ್ಕಳನ್ನು ಹೆತ್ತೆ, ಈಗ ವಯಸ್ಸಾದಾಗ ಹೀಗೆ ಮಾಡಿದ್ದಾನೆ ಎಂದು ತನ್ನ ಬದುಕನ್ನು ತನ್ನದೇ ಮಾತಿನಲ್ಲಿ ಹೇಳಿಕೊಂಡರು. ಮೊದಲ ಉತ್ತರ ಆಕೆಗೆ ಅನುಕೂಲಕರವಾಗಿರಲಿಲ್ಲ. ಆಕೆ ಎದ್ದು ಹೋಗಲಿಲ್ಲ, ಮತ್ತೆ ಮತ್ತೆ ವಾದಿಸಿದರು. ಅದೇ ಕೋಣೆಯಲ್ಲಿದ್ದ ಆಇಶಾರಿಗೂ(ರ) ಕೆಲವು ಮಾತುಗಳು ಕೇಳಿಸದಷ್ಟು ಮೆಲ್ಲಗೆ ನಡೆದ ಆ ಸಂಭಾಷಣೆಯನ್ನು ಅಲ್ಲಾಹನು ಆಲಿಸಿದನು, ದಿವ್ಯವಾಣಿ ಅವತೀರ್ಣವಾಯಿತು, ಆ ಕೆಟ್ಟ ಪದ್ಧತಿಗೆ ಪ್ರಾಯಶ್ಚಿತ್ತ ವಿಧಿಸಲ್ಪಟ್ಟಿತು.

ಖೌಲಾರ(ರ) ಸಂಸಾರ ಮುರಿಯಲಿಲ್ಲ, ಉಳಿಯಿತು. ಆದ್ದರಿಂದ ಈ ಪ್ರಸಂಗ ನಮ್ಮ ವಿಷಯಕ್ಕೆ ಹೊಂದುವುದಿಲ್ಲವೆಂದು ಯಾರಾದರೂ ಹೇಳಬಹುದು. ಆಕೆಯ ಪರವಾಗಿ ತಂದೆಯೋ ಅಣ್ಣನೋ ಬಂದು ಮಾತನಾಡಲಿಲ್ಲ, ಆಕೆಯೇ ಮಾತನಾಡಿದರು ಎಂಬುದನ್ನಷ್ಟೇ ನಾವು ಇಲ್ಲಿ ಎತ್ತಿಹಿಡಿಯುತ್ತಿದ್ದೇವೆ. ತನ್ನ ಸಂಕಟದ ಬಗ್ಗೆ ಆಕೆಯ ಹೇಳಿಕೆಯೇ ಸಾಕ್ಷ್ಯವಾಯಿತು. ಮುಂದೆ ಖಲೀಫಾ ಉಮರ್(ರ) ದಾರಿಯಲ್ಲಿ ಈ ವೃದ್ಧೆ ತಡೆದು ನಿಲ್ಲಿಸಿದಾಗ ಬಹಳ ಹೊತ್ತು ನಿಂತು ಆಕೆಯ ಬುದ್ಧಿಮಾತು ಕೇಳಿದರೆಂದು ವ್ಯಾಖ್ಯಾನ ಗ್ರಂಥಗಳಲ್ಲಿ ವರದಿಯಿದೆ.

ಬರೀರಾರ(ರ) ಪ್ರಸಂಗವನ್ನೂ ನಮ್ಮ ಜುಮಾ ಖುತ್ಬಾಗಳಲ್ಲಿ ಅಪರೂಪಕ್ಕೊಮ್ಮೆ ಕೇಳುತ್ತೇವೆ. ಗುಲಾಮಗಿರಿಯಿಂದ ವಿಮೋಚನೆಯಾದಾಗ ಪತಿ ಮುಗೀಸ್‌ರೊಂದಿಗೆ ಮುಂದುವರಿಯುವ ಅಥವಾ ಬೇರೆಯಾಗುವ ಆಯ್ಕೆ ಅವರಿಗೆ ದೊರೆಯಿತು. ಅವರು ಬೇರ್ಪಟ್ಟರು. ಮುಗೀಸ್ ಮದೀನಾದ ಬೀದಿಗಳಲ್ಲಿ ಗಡ್ಡ ತೋಯುವಂತೆ ಅಳುತ್ತಾ ಆಕೆಯ ಹಿಂದೆ ಸುತ್ತುತ್ತಿದ್ದರು. ಪ್ರವಾದಿವರ್ಯರಿಗೆ(ಸ) ಮರುಕವುಂಟಾಗಿ, ಮರಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ತಮ್ಮ ಆಜ್ಞೆಯೇ ಎಂದು ಆಕೆ ಪ್ರಶ್ನಿಸಿದರು. ಅಲ್ಲ, ಕೇವಲ ಶಿಫಾರಸು ಎಂಬ ಉತ್ತರ ಬಂದಾಗ, ಹಾಗಾದರೆ ತನಗೆ ಆತನ ಅಗತ್ಯವಿಲ್ಲ ಎಂದರು. ವಿಷಯ ಅಲ್ಲಿಗೇ ಮುಗಿಯಿತು. ಸ್ವತಃ ಪ್ರವಾದಿಯವರೇ(ಸ) ಆಜ್ಞೆಗೂ ಶಿಫಾರಸಿಗೂ ಇರುವ ಅಂತರವನ್ನು ಕಾಯ್ದುಕೊಂಡಿರುವಾಗ, ಮೊಹಲ್ಲಾದ ಹಿರಿಯರು, ಅಣ್ಣ-ತಮ್ಮಂದಿರು, ದೂರದ ಚಾಚಾಗಳು ತಮ್ಮ ಸಲಹೆಗಳನ್ನು ಆಜ್ಞೆಗಳಂತೆ ಏಕೆ ಹೇರಬೇಕು?

ಇನ್ನು ಜಾಬಿರ್(ರ) ಅವರ ಚಿಕ್ಕಮ್ಮ. ವಿಚ್ಛೇದನವಾಗಿ ಇದ್ದತ್‌ನಲ್ಲಿದ್ದ ಅವರು ತಮ್ಮ ಖರ್ಜೂರದ ತೋಟಕ್ಕೆ ಕಟಾವಿಗೆ ಹೊರಟಾಗ ಒಬ್ಬಾತ ಹೊರಗೆ ಬರಬಾರದೆಂದು ಗದರಿದ. ಆಕೆ ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದರು. ಹೋಗಿ ಕಟಾವು ಮಾಡುವಂತೆಯೂ, ಅದರಿಂದ ಆಕೆ ದಾನ ಕೊಡಬಹುದು ಅಥವಾ ಬೇರೇನಾದರೂ ಒಳಿತು ಮಾಡಬಹುದೆಂದೂ ಅವರು ಹೇಳಿದರು. ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿ ಇದು ವರದಿಯಾಗಿದೆ. ಬೇರ್ಪಟ್ಟು ಕೆಲವೇ ವಾರಗಳಾದ ಮಹಿಳೆಯನ್ನು ದಾನ ಕೊಡುವವಳೆಂದು ನೋಡಿದ ಆ ದೃಷ್ಟಿ ಎಲ್ಲಿ, ಆಕೆಯನ್ನು ಝಕಾತಿನ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವ ನಮ್ಮ ರೀತಿ ಎಲ್ಲಿ! ತೊಗರಿ, ಸೋಯಾ ರಾಶಿಯ ಕಾಲದಲ್ಲಿ ನಮ್ಮ ಭಾಗದ ಹೊಲಗಳಲ್ಲಿ ದುಡಿಯುವವರಲ್ಲಿ ಅರ್ಧಕ್ಕರ್ಧ ಹೆಂಗಸರೇ. ಅವರಲ್ಲೊಬ್ಬಳು ವಿಚ್ಛೇದಿತೆಯಾದ ಮರುದಿನ ಮಾತ್ರ ಆಕೆಯ ದುಡಿಮೆ ನಮಗೆ ಮರ್ಯಾದೆಯ ಪ್ರಶ್ನೆಯಾಗಿ ಕಾಣತೊಡಗುತ್ತದೆ.

ತನ್ನನ್ನು ನಂಬುವುದು ಅಲ್ಲಾಹನಲ್ಲಿ ಭರವಸೆಯಿಡುವುದಕ್ಕೆ ವಿರುದ್ಧವಾದುದೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ‘ನನ್ನ ಕೈಯಲ್ಲೇನಿದೆ, ಎಲ್ಲ ಅಲ್ಲಾಹನಿಗೆ ಬಿಟ್ಟಿದ್ದೇನೆ’ ಎಂಬ ಮಾತು ಸುಂದರವಾಗಿದೆ, ಆದರೆ ಅದು ಎಷ್ಟೋ ಸಲ ಸೋತ ಮನಸ್ಸಿನ ಮಾತೂ ಆಗಿರುತ್ತದೆ. ಆಲಿ ಇಮ್ರಾನ್ ಅಧ್ಯಾಯದ 159ನೆಯ ಸೂಕ್ತವು ಪ್ರವಾದಿಯವರಿಗೆ(ಸ) ಕಲಿಸಿದ ಅನುಕ್ರಮ ಬೇರೆಯೇ: ಮೊದಲು ಸಮಾಲೋಚನೆ, ಬಳಿಕ ದೃಢ ನಿರ್ಧಾರ, ಅದರ ಬೆನ್ನಿಗೆ ತವಕ್ಕುಲ್. ನಿರ್ಧಾರವೇ ಇಲ್ಲದಿರುವಲ್ಲಿ ಭರವಸೆಯನ್ನು ಯಾವುದರ ಮೇಲೆ ಇಡುವುದು? ಇಸ್ತಿಖಾರದ ಸ್ಥಿತಿಯೂ ಇದೇ ಆಗಿದೆ. ಕುರ್‌ಆನಿನ ಅಧ್ಯಾಯವನ್ನು ಕಲಿಸುವಷ್ಟು ಕಾಳಜಿಯಿಂದ ಪ್ರವಾದಿವರ್ಯರು(ಸ) ಅದನ್ನು ತಮ್ಮ ಅನುಚರರಿಗೆ ಕಲಿಸಿದ್ದು ಅವರವರ ಕೆಲಸಗಳಿಗಾಗಿ ಅವರವರೇ ಪ್ರಾರ್ಥಿಸಲೆಂದು. ನಮ್ಮಲ್ಲೋ ಹೆಣ್ಣಿನ ಬದುಕಿನ ಇಸ್ತಿಖಾರವನ್ನು ಬೇರೊಬ್ಬರಿಂದ ಮಾಡಿಸಿ, ಉತ್ತರವನ್ನು ಆಕೆಗೆ ತಿಳಿಸುವ ಪರಿಪಾಠ ಬೆಳೆದಿದೆ.

ಆಕೆಯ ಪರವಾಗಿ ಎಲ್ಲರೂ ಮಾತನಾಡಿ ಆಕೆಯನ್ನೇ ಮರೆತ ಅತಿ ದೊಡ್ಡ ಉದಾಹರಣೆ ನಮ್ಮ ದೇಶದ್ದೇ. ಇಂದೋರಿನ ಶಾ ಬಾನು 1932ರಲ್ಲಿ ಮದುವೆಯಾದರು. 43 ವರ್ಷಗಳ ಬಳಿಕ, 1975ರಲ್ಲಿ, ಮನೆಯಿಂದ ಹೊರಹಾಕಲ್ಪಟ್ಟರು. 1978ರಲ್ಲಿ ವಕೀಲರಾಗಿದ್ದ ಪತಿ ತಲಾಕ್ ನೀಡಿದರು. ಕೆಳ ನ್ಯಾಯಾಲಯ ತಿಂಗಳಿಗೆ 25 ರೂಪಾಯಿ ಜೀವನಾಂಶ ನಿಗದಿಪಡಿಸಿತು, ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು, 1985ರ ಏಪ್ರಿಲ್ 23ರಂದು ಸುಪ್ರೀಮ್ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲಿನದ್ದು ಎಲ್ಲರಿಗೂ ಗೊತ್ತು: ಮೆರವಣಿಗೆಗಳು, ಸಂಪಾದಕೀಯಗಳು, ಸಂಸತ್ತಿನ ಚರ್ಚೆಗಳು. ಒಂದು ಕಡೆಯವರಿಗೆ ಆಕೆ ಶರೀಅತ್ತಿನ ಮೇಲಿನ ದಾಳಿಯಾದರು, ಇನ್ನೊಂದು ಕಡೆಯವರಿಗೆ ಮುಸ್ಲಿಮರನ್ನು ಹಳಿಯಲು ದೊರೆತ ಅಸ್ತ್ರವಾದರು. ಕೊನೆಗೆ ಆಕೆ ಅದೇ ವರ್ಷ ತನಗೆ ಸಿಕ್ಕ ತೀರ್ಪನ್ನೇ ನಿರಾಕರಿಸಿದರು. ಆ ನಿರಾಕರಣೆಯಲ್ಲಿ ಆಕೆಯ ಸ್ವಂತ ಮನಸ್ಸಿನ ಪಾಲು ಎಷ್ಟಿತ್ತು, ಸುತ್ತಲಿನವರ ಒತ್ತಡದ ಪಾಲು ಎಷ್ಟಿತ್ತು? ಅರವತ್ತು ದಾಟಿದ ಆ ತಾಯಿ ಗೌರವದಿಂದ ಬದುಕಲು ಏನು ಬೇಕೆಂದು ಆಕೆಯ ಸಮುದಾಯ ಕೂತು ಕೇಳಿದ್ದರೆ ನ್ಯಾಯಾಲಯದ ಮೆಟ್ಟಿಲೇ ಬೇಕಾಗುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಾನೂನು ಅಂದಿನಿಂದ ಬಹಳ ದೂರ ಬಂದಿದೆ. 1986ರ ಕಾಯ್ದೆಯಲ್ಲಿ ಹೇಳಿರುವ ನ್ಯಾಯಯುತ ಏರ್ಪಾಡೆಂದರೆ ಇದ್ದತ್ತಿನ ಅವಧಿಯ ಖರ್ಚು ಮಾತ್ರವಲ್ಲ, ಮುಂದಿನ ಬದುಕಿಗೂ ಆಗುವ ಏರ್ಪಾಡು, ಅದನ್ನು ಇದ್ದತ್ತಿನೊಳಗೇ ಮಾಡಬೇಕು ಎಂದು ಡೇನಿಯಲ್ ಲತೀಫಿ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಮ್ ಕೋರ್ಟ್ ಅರ್ಥೈಸಿತು. ಸಾಮಾನ್ಯ ಜೀವನಾಂಶ ಕಾನೂನಿನ ದಾರಿಯೂ ವಿಚ್ಛೇದಿತ ಮುಸ್ಲಿಮ್ ಮಹಿಳೆಗೆ ತೆರೆದಿದೆ ಎಂದು 2024ರ ಜುಲೈ 10ರಂದು ಅದೇ ನ್ಯಾಯಾಲಯ ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಆದರೆ ನ್ಯಾಯಾಲಯ ಹೇಳುವುದಕ್ಕೆ ಮುಂಚೆಯೇ ಅಲ್‌ಬಕರಾದ 241ನೆಯ ಸೂಕ್ತ ವಿಚ್ಛೇದಿತೆಗೆ ಸೂಕ್ತ ಜೀವನ ಸಾಮಗ್ರಿ ನೀಡುವುದನ್ನು ದೇವಭಯವುಳ್ಳವರ ಹೊಣೆಯೆಂದು ಸಾರಿದೆ. ರಾಶಿ ಸಂಪತ್ತು ಕೊಟ್ಟಿದ್ದರೂ ಅದರಿಂದ ಏನನ್ನೂ ಮರಳಿ ಪಡೆಯಬಾರದೆಂದು ಅನ್ನಿಸಾದ 20ನೆಯ ಸೂಕ್ತ ಪತಿಯನ್ನು ಎಚ್ಚರಿಸಿದೆ. ತಲಾಕಿನ ಅಧ್ಯಾಯವಂತೂ ಇದ್ದತ್ತಿನಲ್ಲಿರುವ ಸ್ತ್ರೀಯನ್ನು ಮನೆಯಿಂದ ಹೊರಹಾಕಕೂಡದೆಂದು ವಿಧಿಸುವಾಗ ಆ ಮನೆಯನ್ನು ಆಕೆಯದೇ ಮನೆಯೆಂದು ಕರೆದಿದೆ. ಆಪಾ ಬಟ್ಟೆಯ ಎರಡು ಗಂಟುಗಳೊಡನೆ ಇದ್ದತ್ ಆರಂಭವಾಗುವ ಮೊದಲೇ ಬಸ್ಸು ಹತ್ತಿದರು. ಮುವಜ್ಜಲ್ ಎಂದು ಬರೆದು ಮರೆತ ಮಹ್ರ್ ಇಂದಿನ ಲೆಕ್ಕದಲ್ಲಿ ಎರಡು ತಿಂಗಳ ದಿನಸಿಗೂ ಸಾಲದು. (ಮಹ್ರನ್ನು ರೂಪಾಯಿಯ ಬದಲು ಚಿನ್ನದ ತೂಕದಲ್ಲಿ ಬರೆಸಬೇಕೆಂದು ನಾವು ಪ್ರತಿ ನಿಕಾಹ್‌ನಲ್ಲೂ ಹೇಳುತ್ತೇವೆ, ಪ್ರತಿ ನಿಕಾಹ್‌ನಲ್ಲೂ ಅಪಶಕುನದ ಮಾತು ಎನಿಸಿಕೊಳ್ಳುತ್ತೇವೆ.)

ತಲಾಕ್ ಹಗುರವಾದ ವಿಷಯವಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಿ ಸಂಸಾರ ಉಳಿಸಲು ಯತ್ನಿಸಬೇಕೆಂಬ ಕುರ್‌ಆನಿನ ಆದೇಶವನ್ನು ನಾವು ಸಡಿಲಿಸುತ್ತಿಲ್ಲ. ಆದರೆ ಬೇರ್ಪಡೆ ಆಗಿಹೋದ ಮೇಲೆ, ಅಲ್ಲಾಹನು ಇಬ್ಬರನ್ನೂ ತನ್ನ ವಿಶಾಲ ಅನುಗ್ರಹದಿಂದ ಸ್ವಾವಲಂಬಿಗಳಾಗಿ ಮಾಡುವನೆಂಬ ಭರವಸೆಯೂ ಅದೇ ಗ್ರಂಥದಲ್ಲಿದೆ. ಇಬ್ಬರನ್ನೂ ಎಂಬುದನ್ನು ಗಮನಿಸಬೇಕು.

ಸ್ವಾವಲಂಬನೆ ಎಂಬುದು ದೊಡ್ಡ ಪದ. ಆಪಾರ ವಿಷಯದಲ್ಲಿ ಅದು ಒಂದು ಮೊಬೈಲ್ ನಂಬರಿನಿಂದ ಆರಂಭವಾಯಿತು. ಅವರ ಬ್ಯಾಂಕ್ ಖಾತೆಗೆ ಜೋಡಿಸಿದ್ದ ನಂಬರು ಮಾಜಿ ಪತಿಯದ್ದಾಗಿತ್ತು, ಒಟಿಪಿ ಆ ಮನೆಗೆ ಹೋಗುತ್ತಿತ್ತು. ಪಡಿತರ ಚೀಟಿಯಲ್ಲಿ ಹೆಸರು ಅಲ್ಲೇ ಇತ್ತು, ಆಧಾರಿನಲ್ಲಿ ವಿಳಾಸವೂ ಅಲ್ಲಿಯದೇ. ಈ ಮೂರನ್ನು ಸರಿಪಡಿಸದೆ ಗೃಹಲಕ್ಷ್ಮಿಯ ಎರಡು ಸಾವಿರವೂ ಇಲ್ಲ, ಬಡ ವಿಚ್ಛೇದಿತೆಯರಿಗಾಗಿ ಇರುವ ಮನಸ್ವಿನಿ ಮಾಸಾಶನವೂ ಇಲ್ಲ. ತಮ್ಮ ತಾನೇ ಎಲ್ಲ ಮಾಡಿಸಿಕೊಂಡು ಬರುತ್ತೇನೆಂದ. ಅವನ ಹೆಂಡತಿ ತಡೆದಳು. ಆಪಾರ ಜೊತೆಯಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ಹುಮನಾಬಾದಿಗೆ ಹೋದಳು. ಕಚೇರಿಯಲ್ಲಿ ಮಾತನಾಡಿದ್ದು ಮಾತ್ರ ಆಪಾ. ಮೂರು ಸಲ ಅಲೆದರು, ಒಮ್ಮೆ ತಪ್ಪಾದ ಅರ್ಜಿ ತುಂಬಿದರು. ತಪ್ಪು ಮಾಡಿ ಅದನ್ನು ತಾವೇ ತಿದ್ದಿದ ಆ ದಿನ ಅವರ ಮುಖದಲ್ಲಿದ್ದ ಗೆಲುವು, ನಾವು ಕೊಟ್ಟ ಯಾವ ಸಾಂತ್ವನದಿಂದಲೂ ಬಂದಿರಲಿಲ್ಲ.

ತವರಿನವರಿಗೆ ನಮ್ಮ ವಿನಂತಿ ಇಷ್ಟೇ. ಮರಳಿ ಬಂದ ಮಗಳ ಅಥವಾ ಅಕ್ಕನ ಮುಂದೆ ಯೋಜನೆಗಳನ್ನು ಹರಡಬೇಡಿ. ಒಂದು ಕೋಣೆ ಕೊಡಿ, ಅದರ ಕೀಲಿಯನ್ನೂ ಕೊಡಿ. ಆಕೆ ತಪ್ಪು ತೀರ್ಮಾನ ಮಾಡುತ್ತಿದ್ದಾಳೆ ಎನಿಸಿದರೆ ಹೇಳಿ, ಆದರೆ ಬರೀರಾರಿಗೆ(ರ) ಸಿಕ್ಕ ಅವಕಾಶವನ್ನು ಆಕೆಯಿಂದ ಕಸಿಯಬೇಡಿ. ಮರುಮದುವೆಯ ವಿಷಯದಲ್ಲೂ ಅಷ್ಟೇ. ಅದು ಸುನ್ನತ್ತಿಗೆ ಒಪ್ಪುವ ದಾರಿ, ನಮ್ಮ ಸಮಾಜದಲ್ಲಿ ಅದಕ್ಕಿರುವ ಅಳುಕು ಹೋಗಬೇಕು. ಆದರೆ ಹೊರೆ ಇಳಿಸಿಕೊಳ್ಳುವ ಅವಸರದಲ್ಲಿ ಮಾಡುವ ಮದುವೆ ಮರುಮದುವೆಯಲ್ಲ, ಮರುವಿಲೇವಾರಿ. ಮಾತು ಕಟುವಾಯಿತು, ಹಿಂತೆಗೆದುಕೊಳ್ಳುವುದಿಲ್ಲ.

ಆಪಾ ಈಗ ಕೌದಿ ಹೊಲಿಯುತ್ತಾರೆ. ತಾಯಿಯಿಂದ ಕಲಿತ ಕೆಲಸ, ಗಂಡನ ಮನೆಯಲ್ಲಿ ಇಪ್ಪತ್ತೇಳು ವರ್ಷ ಸೂಜಿ ಮುಟ್ಟಿರಲಿಲ್ಲ. ಮೊದಲ ಕೌದಿಗೆ ಎಷ್ಟು ಕೂಲಿ ಎಂದು ನೆರೆಮನೆಯವರು ಕೇಳಿದಾಗ, ಕೊಟ್ಟಷ್ಟು ಕೊಡಿ ಎಂದಿದ್ದರು. ಹೋದ ತಿಂಗಳು ನಾವು ಅಲ್ಲಿ ಕುಳಿತಿದ್ದಾಗ ಪಕ್ಕದ ಓಣಿಯ ಹೆಂಗಸೊಬ್ಬರು ಹಳೆಯ ಸೀರೆಗಳ ಗಂಟು ಹೊತ್ತು ಬಂದು ಕೂಲಿ ವಿಚಾರಿಸಿದರು. ತಮ್ಮ ಉತ್ತರಿಸಲು ತಲೆಯೆತ್ತಿದ. ಅಷ್ಟರಲ್ಲಿ ಆಪಾ ಸೀರೆಗಳನ್ನು ಬಿಡಿಸಿ, ಅಂಚುಗಳನ್ನು ಬೆರಳಲ್ಲಿ ಉಜ್ಜಿ ನೋಡಿ, ತಮ್ಮ ದರ ಹೇಳಿದರು. ಬಂದಾಕೆ ಚೌಕಾಸಿ ಮಾಡಿದರು. ಆಪಾ ಒಪ್ಪಲಿಲ್ಲ.